ಕೋನುಗಳ ನಡುವೆ ಹಳೆಯ 118 ಎನ್‌ಇ: ನನ್ನ ಅನುಭವ

ನನ್ನ ಬಳಿ ಇರುವ ಪ್ರೀಮಿಯರ್ 118 ಎನ್‌ಇ ಕಾರು ಮೊದಲು ಬೆಳಗಾವಿಯಲ್ಲಿರುವ ನನ್ನ ಸೋದರಮಾವನದಾಗಿತ್ತು. ಕಣ್ಣಿನ ತೊಂದರೆಯಿಂದ ಅವರು ಗಾಡಿ ಓಡಿಸುವುದನ್ನು ಬಿಟ್ಟ ಮೇಲೆ ಅದನ್ನು ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾರಿಯಲ್ಲಿ ನಾನೇ ಓಡಿಸಿಕೊಂಡು ಪುಣೆಗೆ ತಂದೆ. ಖಂಬಾಟಕಿ ಸುರಂಗ ದಾಟಿದೊಡನೆ ಸಿಗುವ ಎಸ್ ಆಕಾರದ ತಿರುವಿನಲ್ಲಿ, ನಾನು ಸ್ಟೀರಿಂಗನ್ನು ಅಲುಗಿಸದೇ ಇದ್ದರೂ ಕಾರಿನ ಹಿಂಭಾಗ ಒಂದು ಗೇಣಿನಷ್ಟು ಪಕ್ಕಕ್ಕೆ ಸರಿದಂತೆ ಭಾಸವಾಯಿತು. ಎರಡು ವರ್ಷಗಳ ನಂತರ ಚಾಕಣದ ಕಡೆಯ ಒಂದು ಕಾಂಕ್ರೀಟ್ ಅಂಗಳದಲ್ಲಿ ಇದೇ ಕಾರನ್ನು ಹವ್ಯಾಸಿ ಆಟೋಕ್ರಾಸ್‌ಗೆ ಇಳಿಸಿದಾಗ, ಅಂದು ಬೆನ್ನಿಗೆ ತಟ್ಟಿದ ಆ ಸರಿತವೇ ನನ್ನ ಕೆಲಸದ ಆರಂಭವಾಗಿತ್ತೆಂದು ತಿಳಿಯಿತು.

1985ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಒಡಲು ಫಿಯಟ್ 124ರ ವಂಶದ್ದು, ಎಂಜಿನ್ ನಿಸ್ಸಾನ್‌ನ 1171 ಸಿಸಿಯ ಎ12. ಶಕ್ತಿ 52 ಅಶ್ವಶಕ್ತಿಯ ಆಸುಪಾಸಿನದು, ಅದು ತಲುಪುವುದು ಹಿಂದಿನ ಚಕ್ರಗಳಿಗೆ. ಇಷ್ಟರಲ್ಲಿ ಎಂಥ ಸ್ಪರ್ಧೆ ಎಂದು ಗೆಳೆಯರು ಕೇಳಿದರು. ಆದರೆ ಆಟೋಕ್ರಾಸ್‌ನಲ್ಲಿ ಒಮ್ಮೆಗೆ ಒಂದೇ ಕಾರು, ದಾರಿ ಗುರುತಿಸಲು ನಿಲ್ಲಿಸಿದ ಶಂಕುವಿನಾಕಾರದ ಕೋನುಗಳ ನಡುವೆ ಓಡುತ್ತದೆ, ಗಡಿಯಾರದೊಂದಿಗೆ ಮಾತ್ರ ಪೈಪೋಟಿ, ಕೋನು ಬಿದ್ದರೆ ಸಮಯಕ್ಕೆ ದಂಡದ ಸೆಕೆಂಡುಗಳು ಸೇರುತ್ತವೆ. ನಾನು ಓಡಿದ ಅಂಗಳದಲ್ಲಿ ಎರಡನೇ ಗೇರಿನಿಂದ ಮೇಲೆ ಹೋಗುವ ಅವಕಾಶವೇ ಇರಲಿಲ್ಲ. ಅಂಥಲ್ಲಿ ಹತ್ತು ಅಶ್ವಶಕ್ತಿ ಹೆಚ್ಚಿಸುವುದಕ್ಕಿಂತ, ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೂ ಕಾರು ತಿರುಗುವ ಕ್ಷಣಕ್ಕೂ ನಡುವಿನ ವಿಳಂಬವನ್ನು ಕಡಿಮೆ ಮಾಡುವುದೇ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಹಳೆಯ ಕಾರಿಗೆ ಹೊಸದನ್ನು ಸೇರಿಸುವ ಮೊದಲು ಅದರಲ್ಲಿರುವ ಸಡಿಲನ್ನೆಲ್ಲ ತೆಗೆಯಬೇಕು.

ಪುಣೆಯ ಭೋಸರಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮಿಸ್ತ್ರಿ ವಿಜಯಪುರದ ಕಡೆಯವರು. ಗಿರಾಕಿಗಳೊಂದಿಗೆ ಮರಾಠಿ, ನನ್ನೊಂದಿಗೆ ಜವಾರಿ ಕನ್ನಡ. ಅವರು ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ನನ್ನನ್ನು ಕೆಳಗಿಳಿಸಿ, ತಾವು ಹಿಂದಿನ ಫೆಂಡರಿಗೆ ಕೈಕೊಟ್ಟು ಕಾರನ್ನು ಪಕ್ಕಕ್ಕೆ ತೂಗತೊಡಗಿದರು. ಈ ಕಾರಿನ ಹಿಂದಿನ ಆಕ್ಸೆಲ್ ಒಂದೇ ಗಟ್ಟಿ ಬೀಮು. ಮುಂದೆ ಹಿಂದೆ ಸರಿಯದಂತೆ ಉದ್ದನೆಯ ರಾಡುಗಳೂ, ಪಕ್ಕಕ್ಕೆ ಸರಿಯದಂತೆ ಅಡ್ಡಲಾಗಿ ಪ್ಯಾನ್‌ಹಾರ್ಡ್ ರಾಡೂ ಅದನ್ನು ಹಿಡಿದಿರುತ್ತವೆ. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಪ್ಯಾನ್‌ಹಾರ್ಡ್ ರಾಡಿನ ಬುಷ್ (ಕೀಲಿನಲ್ಲಿ ಕೂರುವ ರಬ್ಬರಿನ ಒಳಪದರ) ಒಳಗಿನ ಉಕ್ಕಿನ ನಳಿಗೆ, ರಬ್ಬರಿನ ಆಸರೆಯೇ ಇಲ್ಲದೆ, ಕಣ್ಣಿಗೆ ಕಾಣುವಷ್ಟು ಅತ್ತಿಂದಿತ್ತ ಬಡಿಯುತ್ತಿತ್ತು. ರಬ್ಬರು ಒಣಗಿ, ಸೀಳಿ, ಕಪ್ಪು ಹುಡಿಯಾಗಿ ಬೆರಳಿಗೆ ಅಂಟಿತು. ಖಂಬಾಟಕಿಯಲ್ಲಿ ಹಿಂಭಾಗ ಸರಿದದ್ದು ಇದೇ ಕಾರಣಕ್ಕೆ: ಒಡಲು ತಿರುವಿನ ಹೊರಗೆ ವಾಲಿದಾಗ ಆಕ್ಸೆಲ್ ಇದ್ದಲ್ಲಿಯೇ ಉಳಿದು, ಆಮೇಲೆ ಒಮ್ಮೆಲೇ ಜೊತೆಗೂಡುತ್ತಿತ್ತು. ಹೊಂದುವ ಬುಷ್‌ಗಳಿಗಾಗಿ ಮುಂಬೈಯ ಕುರ್ಲಾದಲ್ಲಿರುವ ಹಳೆಯ ಬಿಡಿಭಾಗಗಳ ಅಂಗಡಿಗಳನ್ನು ಎರಡು ಶನಿವಾರ ಸುತ್ತಿದೆ. ಅಲ್ಲಿ ಸಿಗದ ಒಂದೆರಡನ್ನು ಭೋಸರಿಯ ಲೇತಿನಲ್ಲಿ ಮಾಡಿಸಿದೆ. ಎಲ್ಲ ಬುಷ್‌ಗಳನ್ನೂ ಒಮ್ಮೆಗೇ ಬದಲಿಸಬೇಕು, ಮತ್ತು ಅವುಗಳ ಬೋಲ್ಟುಗಳನ್ನು ಕಾರು ಚಕ್ರಗಳ ಮೇಲೆ ನಿಂತಿರುವಾಗಲೇ ಕೊನೆಯದಾಗಿ ಬಿಗಿಯಬೇಕು. ಜ್ಯಾಕಿನ ಮೇಲೆ ಆಕ್ಸೆಲ್ ಜೋತುಬಿದ್ದಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಮುಂದಿನ ಕೆಲಸ ಸ್ಟೀರಿಂಗ್ ಪೆಟ್ಟಿಗೆ. ವರ್ಮ್ (ಸುರುಳಿ ಹಲ್ಲಿನ ದಂಡ) ಮತ್ತು ಅದರ ಮೇಲೆ ಉರುಳುವ ರೋಲರ್ ಇರುವ ಈ ಪೆಟ್ಟಿಗೆಯಲ್ಲಿ ಸವೆತ ಹೆಚ್ಚಾಗುವುದು ಚಕ್ರಗಳು ನೇರವಾಗಿರುವ ಜಾಗದಲ್ಲಿ, ಏಕೆಂದರೆ ಗಾಡಿ ಬಹುಪಾಲು ಓಡುವುದೇ ನೇರವಾಗಿ. ಸರಿಪಡಿಸುವ ಸ್ಕ್ರೂವನ್ನು ಆ ನೇರ ಸ್ಥಿತಿಯಲ್ಲಿಯೇ ಸ್ವಲ್ಪ ಸ್ವಲ್ಪವಾಗಿ ಬಿಗಿದು, ಪ್ರತಿ ಸಲವೂ ಸ್ಟೀರಿಂಗನ್ನು ಎರಡೂ ಕಡೆಯ ಕೊನೆಯವರೆಗೆ ತಿರುಗಿಸಿ ಎಲ್ಲಿಯೂ ಹಿಡಿಯುತ್ತಿಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು. ನಾವು ಅರ್ಧ ಸುತ್ತನ್ನು ಮೂರು ಕಂತಿನಲ್ಲಿ ಬಿಗಿದೆವು. ಸ್ಟೀರಿಂಗಿನ ಚಲನೆಯನ್ನು ಚಕ್ರಗಳಿಗೆ ಒಯ್ಯುವ ಜೋಡಣೆಯಲ್ಲಿರುವ ಐಡ್ಲರ್ ಆರ್ಮಿನ ಬುಷ್ ಮತ್ತು ಎರಡು ಟೈರಾಡ್ ತುದಿಗಳನ್ನೂ ಬದಲಿಸಿದ ಮೇಲೆ ಮೂರು ಬೆರಳಿನಷ್ಟಿದ್ದ ಸ್ಟೀರಿಂಗಿನ ಸಡಿಲು ಅರ್ಧ ಬೆರಳಿಗೆ ಇಳಿಯಿತು.

ಎಂಜಿನ್ನಿಗೆ ಬಹಳ ಮಾಡಲಿಲ್ಲ. ನಾಲ್ಕೂ ಸಿಲಿಂಡರುಗಳ ಒತ್ತಡ ನೋಡಿದೆವು, ವಾಲ್ವ್‌ಗಳ ಅಂತರವನ್ನು ಎಂಜಿನ್ ಬಿಸಿಯಿರುವಾಗ 0.35 ಮಿ.ಮೀ.ಗೆ ಹೊಂದಿಸಿದೆವು, ಇಗ್ನಿಷನ್ ಟೈಮಿಂಗ್ ಸರಿಮಾಡಿದೆವು. ಬ್ರೇಕಿನ ಹಳೆಯ ಎಣ್ಣೆ ಚಹದ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾದ್ದರಿಂದ ಪೂರ್ತಿ ಬಸಿದು ಹೊಸದನ್ನು ಹಾಕಿ, ರಬ್ಬರ್ ಹೋಸುಗಳನ್ನೂ ಬದಲಿಸಿದೆ.

ಈಗ ನನ್ನಿಂದ ಆದ ತಪ್ಪಿನ ವಿಷಯ. ಕಾರು ತಿರುವಿನಲ್ಲಿ ಬಹಳ ವಾಲುತ್ತದೆಂದು ನಾನು ಮಿಸ್ತ್ರಿಯ ಮಾತನ್ನು ಮೀರಿ ಹಿಂದಕ್ಕೆ ಗಟ್ಟಿ ಸ್ಪ್ರಿಂಗ್‌ಗಳನ್ನು ಹಾಕಿಸಿದೆ. ಮೊದಲ ಸ್ಪರ್ಧೆಯಲ್ಲಿ ಪ್ರತಿ ಸ್ಲಾಲಮ್ (ಎಡಬಲಕ್ಕೆ ಬಳುಕುತ್ತ ಸಾಗಬೇಕಾದ ಸಾಲಿನ) ಕೋನನ್ನು ಸುತ್ತಿ ಆಕ್ಸಿಲರೇಟರ್ ಒತ್ತಿದೊಡನೆ ಒಳಗಿನ ಹಿಂಚಕ್ರ ಕೀರಲು ಸದ್ದು ಮಾಡುತ್ತ ನಿಂತಲ್ಲೇ ತಿರುಗಿತು, ಕಾರು ಮುಂದಕ್ಕೆ ಹೋಗಲಿಲ್ಲ. ಕಾರಣ ಸರಳ. ಈ ಕಾರಿನದು ಸಾಮಾನ್ಯ ಡಿಫರೆನ್ಷಿಯಲ್, ಅಂದರೆ ಎರಡೂ ಹಿಂಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಹಗುರಾದ ಚಕ್ರ ಜಾರತೊಡಗಿದರೆ ಇನ್ನೊಂದಕ್ಕೂ ಅಷ್ಟೇ ಕಡಿಮೆ ಎಳೆತ ಸಿಗುತ್ತದೆ. ಹಿಂಭಾಗ ವಾಲಿಕೆಯನ್ನು ಗಟ್ಟಿಯಾಗಿ ತಡೆದಷ್ಟೂ ಹಿಂದಿನ ಒಳಚಕ್ರದ ಮೇಲಿನ ಭಾರ ಹೊರಚಕ್ರಕ್ಕೆ ಹೋಗುತ್ತದೆ. ಡಿಫರೆನ್ಷಿಯಲ್‌ನ ಗೇರುಗಳನ್ನೇ ವೆಲ್ಡ್ ಮಾಡಿಬಿಡಿ ಎಂದು ಕೆಲವರು ಹೇಳಿದರು. ಕಾರು ಪ್ರತಿದಿನವೂ ರಸ್ತೆಯ ಮೇಲೆ ಓಡಬೇಕಾದ್ದರಿಂದ, ಮತ್ತು ಬಿಗಿಯಾದ ತಿರುವಿನಲ್ಲಿ ಅಂಥ ಆಕ್ಸೆಲ್ ಕಾರನ್ನು ನೇರಕ್ಕೇ ತಳ್ಳುವುದರಿಂದ ನಾನು ಒಪ್ಪಲಿಲ್ಲ. ಹಿಂದೆ ಮೂಲ ಸ್ಪ್ರಿಂಗ್‌ಗಳನ್ನೇ ಮರಳಿ ಹಾಕಿ, ಹೊಸ ಶಾಕ್ ಅಬ್ಸಾರ್ಬರ್ ಜೋಡಿಸಿ, ವಾಲಿಕೆಯನ್ನು ತಡೆಯುವ ಮುಂದಿನ ಆಂಟಿರೋಲ್ ಬಾರನ್ನು ದಪ್ಪ ಮಾಡಿಸಿದೆ. ಬಾರಿನ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 20 ಮಿ.ಮೀ. ಇದ್ದದ್ದು 22 ಆದರೆ ಬಿಗಿತ ಶೇಕಡ 46ರಷ್ಟು ಹೆಚ್ಚುತ್ತದೆ, ಆದ್ದರಿಂದ ಎರಡು ಮಿ.ಮೀ.ಗಿಂತ ಹೆಚ್ಚಿಗೆ ಆಸೆಪಡಬಾರದು. ವಾಲಿಕೆಯನ್ನು ತಡೆಯುವ ಹೊಣೆ ಮುಂಭಾಗಕ್ಕೆ ಹೋದದ್ದರಿಂದ ಹಿಂದಿನ ಒಳಚಕ್ರ ನೆಲವನ್ನು ಹಿಡಿದುಕೊಂಡಿತು.

ಚಕ್ರಗಳ ಅಲೈನ್‌ಮೆಂಟ್ (ಕೋನಗಳ ಹೊಂದಾಣಿಕೆ) ಮಾಡಿಸಲು ಹೋದಲ್ಲಿ ಕಂಪ್ಯೂಟರಿನಲ್ಲಿ ನನ್ನ ಕಾರಿನ ಹೆಸರೇ ಇರಲಿಲ್ಲ, ಹಾಗಾಗಿ ಕೇವಲ ಕೋನಗಳನ್ನು ಓದಿ ಹೇಳುವಂತೆ ಕೇಳಿಕೊಂಡೆ. ಮುಂದಿನ ಕೆಳತೋಳಿನ ಹಿಂದೆ ಇರುವ ತೆಳು ಲೋಹದ ಬಿಲ್ಲೆಗಳಾದ ಶಿಮ್‌ಗಳನ್ನು ಹೆಚ್ಚಿಸಿದರೆ ತೋಳು ಹೊರಕ್ಕೆ ಸರಿದು ಚಕ್ರದ ಮೇಲ್ತುದಿ ಒಳಕ್ಕೆ ವಾಲುತ್ತದೆ. ಹೀಗೆ ಒಳಕ್ಕೆ ವಾಲುವ ಕೋನ, ಅಂದರೆ ನೆಗೆಟಿವ್ ಕ್ಯಾಂಬರ್, ಒಂದು ಡಿಗ್ರಿ ಬರುವಷ್ಟು ಶಿಮ್ ಹಾಕಿಸಿ, ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆಯಾದ ಟೋವನ್ನು ಸೊನ್ನೆಗೆ ಇಟ್ಟೆ. ಚಾಲಕನ ತೂಕ ಇಲ್ಲದೆ ತೆಗೆದ ಅಳತೆ ಈ ಕೆಲಸಕ್ಕೆ ಪ್ರಯೋಜನವಿಲ್ಲ. ಊರಿನಿಂದ ಬಂದಿದ್ದ ಜೋಳದ ಎರಡು ಚೀಲಗಳನ್ನು, ಒಟ್ಟು 70 ಕಿಲೋ, ಚಾಲಕನ ಸೀಟಿನ ಮೇಲಿಟ್ಟು ಅಳತೆ ಮಾಡಿಸಿದೆ.

ಟೈರಿನ ಗಾಳಿಯ ವಿಷಯದಲ್ಲಿ ನಾನು ನಂಬುವುದು ಸೀಮೆಸುಣ್ಣವನ್ನು. ಓಟಕ್ಕೆ ಮೊದಲು ಪ್ರತಿ ಟೈರಿನ ಅಂಚಿನಲ್ಲಿ, ಪಟ್ಟಿಯಿಂದ ಪಕ್ಕದ ಗೋಡೆಯವರೆಗೆ, ಮೂರು ಕಡೆ ಬಿಳಿ ಗೆರೆ ಎಳೆಯುತ್ತೇನೆ. ಓಟ ಮುಗಿಸಿ ಬಂದಾಗ ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂಬುದು ಟೈರು ಎಷ್ಟು ಮಗುಚಿಕೊಂಡಿತೆಂಬುದನ್ನು ತೋರಿಸುತ್ತದೆ. ಅಂಚಿನ ಪುಟ್ಟ ತ್ರಿಕೋನದ ಗುರುತಿನ ಬಳಿ ಅಳಿಸುವುದು ನಿಂತರೆ ಗಾಳಿ ಸರಿ, ಗೋಡೆಯ ಅಕ್ಷರಗಳವರೆಗೂ ಇಳಿದಿದ್ದರೆ ಕಡಿಮೆ, ಗುರುತನ್ನು ಮುಟ್ಟದೇ ಇದ್ದರೆ ಹೆಚ್ಚು. ನನ್ನ 13 ಇಂಚಿನ ಚಕ್ರಗಳಿಗೆ ಮುಂದೆ 36, ಹಿಂದೆ 30 ಪಿಎಸ್‌ಐ ಹೊಂದಿತು. ಮಧ್ಯಾಹ್ನದ ಕಾಂಕ್ರೀಟು ಕಾದ ಮೇಲೆ ಎರಡೆರಡು ಪಿಎಸ್‌ಐ ಬಿಡಬೇಕಾಗುತ್ತದೆ.

ತಪಾಸಣೆಯಲ್ಲಿ ಹೆಲ್ಮೆಟ್, ಸೀಟ್ ಬೆಲ್ಟ್, ಬ್ಯಾಟರಿಯ ಕ್ಲ್ಯಾಂಪ್, ಆಕ್ಸಿಲರೇಟರಿನ ಹಿಂತಿರುಗುವ ಸ್ಪ್ರಿಂಗ್, ಚಕ್ರದ ಬೇರಿಂಗುಗಳನ್ನು ನೋಡುತ್ತಾರೆ. ಸ್ಟೆಪ್ನಿ, ಜ್ಯಾಕ್, ಚಾಪೆಗಳನ್ನು ತೆಗೆದಿಡುತ್ತೇನೆ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ನೋಂದಣಿಯಲ್ಲಿರುವ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಷೇಧಿಸುತ್ತದೆ. ಆದ್ದರಿಂದ ಎಂಜಿನ್ನು, ಒಡಲುಗಳ ಗೊಡವೆಗೆ ನಾನು ಹೋಗಿಲ್ಲ.

ಗಟ್ಟಿ ಸ್ಪ್ರಿಂಗ್‌ಗಳಿದ್ದ ದಿನ ನನ್ನ ಉತ್ತಮ ಸಮಯ 58.4 ಸೆಕೆಂಡು. ಅದೇ ಅಂಗಳದಲ್ಲಿ, ಅದೇ ಕೋನುಗಳ ಜೋಡಣೆಯಲ್ಲಿ, ಮೇಲಿನ ಬದಲಾವಣೆಗಳ ನಂತರ 54.9 ಬಂತು. ಉಳಿದಿರುವ ತೊಂದರೆ ಒಂದು: ದೀರ್ಘ ಎಡತಿರುವಿನ ಕೊನೆಯಲ್ಲಿ ಎಂಜಿನ್ ಒಮ್ಮೆ ಕೆಮ್ಮುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಒಂದು ಪಕ್ಕಕ್ಕೆ ಸರಿದು ಜೆಟ್ಟಿಗೆ (ಪೆಟ್ರೋಲು ಹೊರಬೀಳುವ ಸಣ್ಣ ರಂಧ್ರಕ್ಕೆ) ಸಿಗದಿರುವುದು ಇದಕ್ಕೆ ಕಾರಣವೆಂದು ನನ್ನ ಅನುಮಾನ. ಮುಂದಿನ ಭಾನುವಾರ ಭೋಸರಿಗೆ ಹೋಗಿ ಬಟ್ಟಲಿನ ಪೆಟ್ರೋಲನ್ನು ಹತೋಟಿಯಲ್ಲಿಡುವ ಫ್ಲೋಟಿನ ಮಟ್ಟವನ್ನು ಅಳೆದು, ಅದೊಂದನ್ನೇ ಬದಲಿಸಿ ನೋಡುವುದೆಂದು ಮಿಸ್ತ್ರಿಯೊಂದಿಗೆ ಮಾತಾಗಿದೆ.