ಜಟಕಾ ಕುದುರೆಯ ರಕ್ತದಲ್ಲಿ ಮೆದುಳು ಜ್ವರದ ಜಾಡು

ಸೊಳ್ಳೆಯಿಂದ ಹರಡಿ ಮೆದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ತಗುಲಿದ ಬಹುಪಾಲು ಕುದುರೆಗಳು ಏನೂ ಆಗದಂತೆ ಹುಲ್ಲು ತಿಂದುಕೊಂಡು, ಗಾಡಿ ಎಳೆದುಕೊಂಡು ಇರುತ್ತವೆ. ಕಾಯಿಲೆ ಬಿದ್ದ ಕುದುರೆಗಾಗಿ ಕಾಯುತ್ತಾ ಕೂತರೆ ವೈರಸ್ ಊರೆಲ್ಲ ಸುತ್ತಿ ಹೋಗಿರುತ್ತದೆ. ಹಾಗಾಗಿ ಶ್ರೀರಂಗಪಟ್ಟಣ, ಮಂಡ್ಯ ಕಡೆಯ ಕಾಲುವೆ ಸೀಮೆಯಲ್ಲಿ ಪಶುವೈದ್ಯನಾಗಿ ನಾನು ಗಟ್ಟಿಮುಟ್ಟಾದ ಕುದುರೆಗಳ ರಕ್ತವನ್ನೇ ತೆಗೆಯುತ್ತಾ ಬಂದೆ.

ಯಾವ ಕುದುರೆಯ ರಕ್ತ ಎಂಬುದರ ಮೇಲೆ ಎಲ್ಲ ನಿಂತಿದೆ. ವಯಸ್ಸಾದ ಜಟಕಾ ಕುದುರೆಯಲ್ಲಿ ಪ್ರತಿಕಾಯ (ವೈರಸ್ಸಿನೆದುರು ದೇಹ ತಯಾರಿಸುವ, ಸೋಂಕು ಹೋದ ಮೇಲೂ ರಕ್ತದಲ್ಲಿ ಉಳಿಯುವ ಪ್ರೋಟೀನ್) ಸಿಕ್ಕರೆ, ಸೊಳ್ಳೆ ಕಚ್ಚಿದ್ದು ಹೋದ ತಿಂಗಳೋ, ಹಿಂದಿನ ಮಾಲೀಕನ ಊರಿನಲ್ಲೋ ಹೇಳಲಾಗದು. ಆರು ತಿಂಗಳೊಳಗಿನ ಮರಿಯಲ್ಲಿ ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯ ಇರಬಹುದು. ರೇಸ್ ಕುದುರೆಯಾದರೆ ಲಸಿಕೆ ಚೀಟಿ ನೋಡಲೇಬೇಕು. ಜಪಾನ್, ಹಾಂಗ್‌ಕಾಂಗ್‌ಗಳಲ್ಲಿ ಕುದುರೆಗಳಿಗೆ ಈ ಲಸಿಕೆ ಹಾಕುತ್ತಾರೆ. ಇಲ್ಲೇ ಹುಟ್ಟಿದ ಒಂದೆರಡು ವರ್ಷದ ಕುದುರೆ ಸಿಕ್ಕರೆ ಚಿನ್ನ. ಆದರೆ ಜಟಕಾದವರು ದುಡಿಯುವ ವಯಸ್ಸಿನದನ್ನೇ ಕೊಳ್ಳುತ್ತಾರೆ, ಮರಿ ಸಾಕುವಷ್ಟು ಪುರಸೊತ್ತು ಯಾರಿಗಿದೆ? ಅದಕ್ಕೆ ಭತ್ತದ ನಾಟಿಗೆ ಮುಂಚೆ ಒಂದು ಸಲ ರಕ್ತ ತೆಗೆದು, ನೆಗೆಟಿವ್ ಬಂದ ದೊಡ್ಡ ಕುದುರೆಗಳನ್ನೂ ಪಟ್ಟಿಯಲ್ಲಿಟ್ಟೆ. ಪೈರು ತೆನೆಗಟ್ಟಿದ ಮೇಲೆ ಅವುಗಳದ್ದೇ ಎರಡನೇ ಸ್ಯಾಂಪಲ್. ಆಗ ಪಾಸಿಟಿವ್ ಆದರೆ ಅದು ಈ ಮಳೆಗಾಲದ ಸೋಂಕು. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಟ್ರೈಟೀನಿಯೋರಿಂಕಸ್ ಸೊಳ್ಳೆಯ ಕೆಲಸ.

ರಕ್ತ ತೆಗೆಯುವಾಗ ಮೂತಿಗೆ ಹಗ್ಗ ಬಿಗಿಯುವುದು ನನಗೆ ಹಿಡಿಸದು. ಮಾಲೀಕ ಕುದುರೆಯ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಮಾತಾಡಿಸುತ್ತಿದ್ದರೆ ಸಾಕು. ಕೊರಳ ಗುಣಿಯನ್ನು ಹೆಬ್ಬೆರಳಿನಿಂದ ಒತ್ತಿ, ನಾಳ ಉಬ್ಬಿದೊಡನೆ ಸೂಜಿ. ಕೆಂಪು ಮುಚ್ಚಳದ ಟ್ಯೂಬನ್ನು ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ರಕ್ತ ಹೆಪ್ಪುಗಟ್ಟಿದ ಮೇಲಷ್ಟೇ ಐಸ್ ಡಬ್ಬಿಗೆ ಇಡುತ್ತೇನೆ. ಹೆಪ್ಪುಗಟ್ಟುವ ಮುಂಚೆ ಬೈಕಿನಲ್ಲಿ ಕುಲುಕಿಸಿದರೆ ರಕ್ತಕಣ ಒಡೆದು, ಪರೀಕ್ಷೆಗೆ ಬೇಕಾದ ಸೀರಂ (ಹೆಪ್ಪಿನಿಂದ ಬೇರ್ಪಡುವ ತಿಳಿ ದ್ರವ) ಕೆಂಪಾಗುತ್ತದೆ.

ಗಾಡಿ ನಿಲ್ದಾಣದಲ್ಲಿ ಹಿರಿಯರೊಬ್ಬರು ಕೇಳಿದರು: "ಪಾಸಿಟಿವ್ ಅಂತ ಬಂದ್ರೆ ನಮ್ ಗಾಡಿ ನಿಲ್ಲಿಸ್ಬಿಡ್ತೀರಾ ಡಾಕ್ಟ್ರೇ?"

"ಇಲ್ಲ ಸಾಬ್ರೇ. ಕುದುರೆ ರಕ್ತದಲ್ಲಿ ವೈರಸ್ ತೀರಾ ಕಮ್ಮಿ, ಅದೂ ಸ್ವಲ್ಪ ದಿನ. ಅದನ್ನ ಕಚ್ಚಿದ ಸೊಳ್ಳೆ ಇನ್ನೊಬ್ರಿಗೆ ಹಚ್ಚಲ್ಲ. ವೈರಸ್ ಬೆಳೆಯೋದು ಹಂದಿ, ಬೆಳ್ಳಕ್ಕಿ, ಕೊಕ್ಕರೆಗಳಲ್ಲಿ."

ಅವರು ಕುದುರೆಯನ್ನು ಹಿಡಿದು ನಿಂತರು. ಈ ಮಾತನ್ನು ಮೊದಲೇ ಹೇಳದಿದ್ದರೆ ಎರಡನೇ ಸ್ಯಾಂಪಲ್ ಯಾರೂ ಕೊಡರು.

ಎಲೈಸಾ ಎಂಬ ಪ್ರತಿಕಾಯ ಪತ್ತೆಯ ಪರೀಕ್ಷೆ ಒಂದನ್ನೇ ನಂಬಿ ಫಲಿತಾಂಶ ಬರೆಯುವವರ ಬಗ್ಗೆ ನನಗೆ ತಕರಾರಿದೆ. ವೆಸ್ಟ್ ನೈಲ್ ಇದರ ದಾಯಾದಿ ವೈರಸ್. ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಪಾಸಿಟಿವ್ ತೋರಿಸಬಹುದು. ಎರಡೂ ವೈರಸ್‌ಗಳನ್ನು ಅಕ್ಕಪಕ್ಕ ಇಟ್ಟು ನ್ಯೂಟ್ರಲೈಸೇಶನ್ ಪರೀಕ್ಷೆ (ಸೀರಂ ಯಾವ ವೈರಸ್ಸನ್ನು ತಡೆಯುತ್ತದೆ ಎಂದು ನೋಡುವುದು) ಮಾಡಿ, ಒಂದರ ಟೈಟರ್, ಅಂದರೆ ಪ್ರತಿಕಾಯದ ಪ್ರಮಾಣ, ಇನ್ನೊಂದಕ್ಕಿಂತ ನಾಲ್ಕು ಪಟ್ಟಾದರೂ ಹೆಚ್ಚಿದ್ದರೆ ಮಾತ್ರ ಹೆಸರು ಹೇಳಬೇಕು. ಅಲ್ಲಿಯವರೆಗೆ ನನ್ನ ರಿಜಿಸ್ಟರಿನಲ್ಲಿ ಅದು, ಎರಡಕ್ಕೂ ಸೇರಿದ ಕುಲದ ಹೆಸರಿನಲ್ಲಿ, ಬರೀ "ಫ್ಲೇವಿವೈರಸ್".

ಜ್ವರ ಬಂದು, ತುಟಿ ಜೋತು, ಹಿಂಗಾಲು ತೂರಾಡುವ ಕುದುರೆ ಸಿಕ್ಕರೆ ಮಾತ್ರ ಕ್ರಮವೇ ಬೇರೆ. ಮೊದಲ ಅನುಮಾನ ರೇಬೀಸ್. ಗ್ಲೌಸ್ ಇಲ್ಲದೆ ಬಾಯಿಗೆ ಕೈ ಹಾಕುವಂತಿಲ್ಲ. ಸರ್ರಾ (ರಕ್ತದಲ್ಲಿನ ಪರಾವಲಂಬಿಯಿಂದ ಬರುವ ರೋಗ) ಇದೆಯೇ ಎಂದು ರಕ್ತಲೇಪ ನೋಡಬೇಕು. ಬದುಕುಳಿದರೆ ಪ್ರತಿಕಾಯ ಏರಿದೆಯೇ ನೋಡಲು ಎರಡು ಮೂರು ವಾರ ಬಿಟ್ಟು ಮತ್ತೊಂದು ಸೀರಂ.

ಹೊಸದಾಗಿ ಪಾಸಿಟಿವ್ ಆದ ಕುದುರೆಗಳ ಊರಿನ ಪಟ್ಟಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಹೋಗುತ್ತದೆ. ಆ ಊರಿನಲ್ಲಿ 9 ತಿಂಗಳು ತುಂಬಿದ ಮೇಲೆ ಒಂದು ಸಲ, ಮತ್ತೆ 16ರಿಂದ 24 ತಿಂಗಳೊಳಗೆ ಇನ್ನೊಂದು ಸಲ ಹಾಕಬೇಕಾದ ಮೆದುಳು ಜ್ವರದ ಲಸಿಕೆ ತಪ್ಪಿದ ಮಕ್ಕಳು ಯಾರಿದ್ದಾರೆ, ಹಂದಿಗೂಡು ಮನೆಗಳಿಂದ ಎಷ್ಟು ದೂರ ಎಂದು ಅವರ ಸಿಬ್ಬಂದಿ ನೋಡಲಿ ಎಂದೇ ಪಟ್ಟಿಯನ್ನು ಕುದುರೆವಾರು ಮಾಡದೆ ಊರುವಾರು ಮಾಡಿ ಕೊಡುತ್ತೇನೆ.