ವಾಲಿಯ ಪ್ರಶ್ನೆಯಿಂದ ಕಲಿತ ತರ್ಕ

ತರ್ಕವನ್ನು ನಾನು ಕಾಲೇಜಿನಲ್ಲಿ ಓದಿದವನಲ್ಲ. ಬದಿಯಡ್ಕದ ಆಸುಪಾಸಿನ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟಗಳಲ್ಲಿ ಸಣ್ಣಪುಟ್ಟ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತ, ಇದಿರು ಕುಳಿತವರಿಗೆ ಉತ್ತರ ಕೊಡಲೇಬೇಕಾದ ಇಕ್ಕಟ್ಟಿನಲ್ಲಿ ಅಷ್ಟಿಷ್ಟು ಕಲಿತೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಿ ಬೆಳೆದ ಊರುಗಳಿವು. ಇಲ್ಲಿನ ಕೇಳುಗರು ಕೂಟ ಮುಗಿದ ಮೇಲೆ ಚಹಾದ ಲೋಟ ಹಿಡಿದುಕೊಂಡೇ ಬಂದು, "ಆ ಮಾತಿಗೆ ಆಧಾರವೇನು?" ಎಂದು ಕೇಳಿಯೇ ಮನೆಗೆ ಹೋಗುವುದು.

ನನಗೆ ಹೆಚ್ಚು ಕಲಿಸಿದ್ದು ವಾಲಿವಧೆ ಪ್ರಸಂಗ. ಮತ್ತೊಬ್ಬನೊಡನೆ ಹೋರಾಡುತ್ತಿದ್ದ ನನ್ನನ್ನು ಕಾಣದಂತೆ ನಿಂತು ಹೊಡೆದದ್ದು ಯಾವ ಧರ್ಮ ಎಂದು ಬಿದ್ದ ವಾಲಿ ಕೇಳುತ್ತಾನೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮ ಹಲವು ಕಾರಣ ಕೊಡುತ್ತಾನೆ. ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿ ತಪ್ಪಿದವರನ್ನು ದಂಡಿಸುವ ಅಧಿಕಾರ ನಮಗಿದೆ. ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ. ಸುಗ್ರೀವನಿಗೆ ನಾನು ಮಾತು ಕೊಟ್ಟಿದ್ದೇನೆ. ಅಲ್ಲದೆ ನೀನು ಶಾಖಾಮೃಗ, ಕೋತಿ. ಬೇಟೆಯಲ್ಲಿ ಮರೆಯಿಂದ ಹೊಡೆದರೆ ದೋಷವಿಲ್ಲ.

ಒಂದರ ಹಿಂದೊಂದು ಕೇಳುವಾಗ ಇವು ಗಟ್ಟಿಯಾಗಿಯೇ ಕೇಳಿಸುತ್ತವೆ. ನೋಟುಪುಸ್ತಕದಲ್ಲಿ ಬಿಡಿಬಿಡಿಯಾಗಿ ಬರೆದು ನೋಡಿದರೆ ಬೇರೆಯೇ ಸಂಗತಿ. ವಾಲಿ ಬರಿಯ ಮೃಗವಾದರೆ ರುಮೆಯ ವಿಚಾರದಲ್ಲಿ ಅವನಿಗೆ ಯಾವ ಕಟ್ಟು? ಧರ್ಮದ ಕಟ್ಟು ಅವನಿಗೂ ಉಂಟು ಎಂದರೆ ಬೇಟೆಯ ಮಾತು ಎತ್ತುವಂತಿಲ್ಲ. ಎರಡೂ ಕಾರಣ ಒಟ್ಟಿಗೆ ನಿಲ್ಲುವುದಿಲ್ಲ. ಹಾಗೆಂದು ವಾಲಿ ಗೆದ್ದನೆಂದೂ ಅಲ್ಲ. "ನಾವು ಕಾಡಿನ ಮೃಗಗಳು" ಎನ್ನುವವನೂ ಅವನೇ, ಯುದ್ಧಧರ್ಮದ ಲೆಕ್ಕ ಕೇಳುವವನೂ ಅವನೇ. ಆದರೂ ಅವನಿಗೆ ಒಂದು ದಾರಿ ಇದೆ: ಧರ್ಮ ಬಾಣ ಬಿಟ್ಟವನಿಗೆ ಸೇರಿದ್ದು, ಬಾಣ ತಗಲಿದವನು ಯಾರೇ ಆಗಿರಲಿ. ರಾಮನಿಗೂ ಒಂದು ದಾರಿ ಇದೆ: ಇದು ಯುದ್ಧವಲ್ಲ, ದಂಡನೆ, ದಂಡಿಸುವ ಅರಸ ಅಪರಾಧಿಯ ಎದುರು ನಿಂತು ಕಾದಾಡಬೇಕಾಗಿಲ್ಲ. ಆದ್ದರಿಂದ ರಾಮನ ಅರ್ಥ ಹೇಳುವಾಗ ನಾನು ದಂಡನೆಯ ಮಾತನ್ನೇ ಬೆಳೆಸುತ್ತೇನೆ. ಬೇಟೆಯ ವಿಚಾರ ಭಾಗವತರು ಹಾಡುವ ಪದ್ಯದಲ್ಲಿ ಬಂದರೆ ಒಂದೇ ವಾಕ್ಯದಲ್ಲಿ ಮುಗಿಸುತ್ತೇನೆ. ಆಗ ಜಾಣ ವಾಲಿಯಾದರೆ, "ದಂಡನೆಯಾದರೆ ವಿಚಾರಣೆ ಎಲ್ಲಿ ನಡೆಯಿತು?" ಎಂದು ಕೇಳುತ್ತಾನೆ. ಅದಕ್ಕೆ ನನಗೆ ಪೂರ್ತಿ ಸಮಾಧಾನ ತರುವ ಉತ್ತರ ಇನ್ನೂ ಸಿಕ್ಕಿಲ್ಲ.

ಈ ಅಭ್ಯಾಸಕ್ಕೆ ಸಲಕರಣೆ ಸಿಕ್ಕಿದ್ದು ನಮ್ಮ ಹಳೆಯ ತರ್ಕದರ್ಶನವಾದ ನ್ಯಾಯಶಾಸ್ತ್ರದಿಂದ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಗೌತಮನ ಸೂತ್ರಗಳು ವಾದದ ಐದು ಅವಯವಗಳನ್ನು ಹೇಳುತ್ತವೆ. ನಾನು ಮೊದಲ ಮೂರನ್ನೇ ಬರೆಯುವುದು. ಏನು ಹೇಳುತ್ತಿದ್ದಾರೆ, ಏಕೆ, ಆ 'ಏಕೆ'ಯ ಹಿಂದೆ ಯಾವ ಸಾಮಾನ್ಯ ನಿಯಮ ಅಡಗಿದೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪೊಳ್ಳು ಇರುವುದು ಹೆಚ್ಚಾಗಿ ಅಲ್ಲಿಯೇ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡು ಅದನ್ನು ಸುಳ್ಳಾಗಿಸುತ್ತದೆ. ಹೇತು ಹೀಗೆ ದಾರಿ ತಪ್ಪಿದರೆ ಅದು ಸವ್ಯಭಿಚಾರವೆಂಬ ಹೇತ್ವಾಭಾಸ, ಕಾರಣದಂತೆ ಕಾಣುವ ಹುಸಿ ಕಾರಣ.

ಇನ್ನೊಂದು ಪದ್ಧತಿಯನ್ನು ನಾನೇ ಮಾಡಿಕೊಂಡೆ. ಪುಸ್ತಕದ ಎಡಪುಟ ಇದಿರಾಳಿಯದ್ದು. ಅವರ ವಾದವನ್ನು ಅವರೇ ಓದಿ "ಹೌದು, ನಾನು ಹೇಳುವುದು ಇದನ್ನೇ" ಎನ್ನುವಂತೆ ಬರೆದ ಮೇಲೆಯೇ ಬಲಪುಟಕ್ಕೆ ಕೈ ಹಾಕುವುದು. ಕೂಟಗಳಲ್ಲಿ ಈ ಶಿಸ್ತಿಗೆ ಬೆಲೆ ಕಡಿಮೆ. ಗೆಲುವಿಗಾಗಿ ಆಡುವ ಜಲ್ಪಕ್ಕೇ ಅಲ್ಲಿ ಚಪ್ಪಾಳೆ. ತಿಳಿಯಲಿಕ್ಕಾಗಿ ಆಡುವ ವಾದ ಅಪರೂಪ. ಮೇಲಾಗಿ ಕೊನೆಯನ್ನು ಪ್ರಸಂಗವೇ ಗೊತ್ತುಮಾಡಿರುತ್ತದೆ. ಎಷ್ಟೇ ಚೆನ್ನಾಗಿ ವಾದಿಸಿದರೂ ವಾಲಿ ಸಾಯಲೇಬೇಕು.

ಕೊನೆ ಗೊತ್ತಿಲ್ಲದ ವಾದಗಳು ತೋಟದಲ್ಲಿ ಸಿಗುತ್ತವೆ. ನೆರೆಮನೆಯ ಭಾವ ಕಳೆದ ಮಳೆಗಾಲದಲ್ಲಿ ಅಡಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು) ಬಿಡಲಿಲ್ಲ, ಕೊಳೆರೋಗವೂ ಬರಲಿಲ್ಲ. "ಮೈಲುತುತ್ತಿನ ದುಡ್ಡು ದಂಡ" ಎಂದು ಈಗ ಎಲ್ಲರಿಗೂ ಹೇಳುತ್ತಿದ್ದಾರೆ. ಎಡಪುಟದಲ್ಲಿ ಬರೆದೆ: ಮದ್ದು ಬಿಡದೆಯೂ ರೋಗ ಬಾರದಿದ್ದರೆ ಮದ್ದು ಬೇಡ. ಭಾವ ಓದಿ ತಲೆಯಾಡಿಸಿದರು. ಆದರೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ರೋಗಾಣು ಹಬ್ಬಬೇಕಾದರೆ ಬಿಡದೆ ಸುರಿಯುವ ಮಳೆ, ತಂಪು ಬೇಕು. ಮಳೆ ನಡುನಡುವೆ ಬಿಟ್ಟುಕೊಟ್ಟ ವರ್ಷ ಮದ್ದಿನ ಗುಣವಾಗಲಿ ದೋಷವಾಗಲಿ ತಿಳಿಯುವುದಿಲ್ಲ. ಮದ್ದು ಬಿಟ್ಟೂ ರೋಗ ಬಂದ ತೋಟಗಳ ಕತೆಯೂ ಹಾಗೆಯೇ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಹದ ತಪ್ಪಿತೇ, ಮೊದಲ ಸಲ ಬಿಡುವುದು ಮುಂಗಾರು ಹಿಡಿದ ಮೇಲಾಯಿತೇ ಎಂದು ಕೇಳದೆ ಮದ್ದನ್ನು ದೂರುವಂತಿಲ್ಲ. ಒಂದೇ ತೋಟ, ಒಂದೇ ಮಳೆ. ಕೆಲವು ಮರಗಳಿಗೆ ಮಾತ್ರ ಮದ್ದಿಲ್ಲ. ಆಗ ಹೋಲಿಸಬಹುದು.

ಇದೆಲ್ಲ ಭಾವನಿಗೂ ಒಪ್ಪಿಗೆ. ಮದ್ದಿಲ್ಲದೆ ಬಿಡುವ ಮರಗಳು ಮಾತ್ರ ನನ್ನ ತೋಟದವೇ ಆಗಬೇಕಂತೆ.