ತೀರ್ಪುಗಾರರ ಹಾಳೆಯ ಅಂಚಿನಲ್ಲಿ ಏನು ಬರೆಸುತ್ತೀರಿ? ಪ್ರೌಢಶಾಲಾ ಚರ್ಚಾ ಸ್ಪರ್ಧೆಗೆ ತಯಾರಿ

ಚರ್ಚಾ ಸ್ಪರ್ಧೆಯಲ್ಲಿ ತೀರ್ಪುಗಾರರ ಮುಂದೆ ಒಂದು ಹಾಳೆ ಇರುತ್ತದೆ. ಎಡಕ್ಕೆ ಸ್ಪರ್ಧಿಯ ಕ್ರಮಸಂಖ್ಯೆ, ಪಕ್ಕದಲ್ಲಿ ನಾಲ್ಕೈದು ಕಾಲಂ: ವಿಷಯ, ಮಂಡನೆ, ಭಾಷೆ, ಪ್ರತಿವಾದ, ಸಮಯಪಾಲನೆ. ಕೊನೆಗೆ ಒಟ್ಟು. ಬೆಳಗ್ಗೆ ಶುರುವಾದ ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ಊಟದ ಹೊತ್ತಿಗೆ ಇಪ್ಪತ್ತು ಮಕ್ಕಳಾದರೂ ಮಾತಾಡಿ ಹೋಗಿರುತ್ತಾರೆ. ಅಂಕ ಕೂಡಿಸುವಾಗ ಐದನೆಯವರು ಏನು ಹೇಳಿದರು, ಹನ್ನೊಂದನೆಯವರು ಏನು ಹೇಳಿದರು ಎಂಬುದು ಯಾರಿಗೂ ಪೂರ್ತಿ ನೆನಪಿರುವುದಿಲ್ಲ. ಆಗ ಕೈಹಿಡಿಯುವುದು ಹಾಳೆಯ ಅಂಚಿನಲ್ಲಿ ಗೀಚಿಕೊಂಡ ಎರಡು-ಮೂರು ಪದ. ‘ಧ್ವನಿ ಚೆನ್ನಾಗಿದೆ’ ಎಂದಷ್ಟೇ ಬರೆಸಿಕೊಂಡವರು ಸಾಮಾನ್ಯವಾಗಿ ಸಮಾಧಾನಕರ ಬಹುಮಾನದ ಹತ್ತಿರ ನಿಲ್ಲುತ್ತಾರೆ. ಒಂದು ವಾದವನ್ನು ಬರೆಸಿದವರು ಮುಂದೆ ಹೋಗುತ್ತಾರೆ. ಆದ್ದರಿಂದ ಭಾಷಣ ಬರೆಯಲು ಕೂರುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಮೂರು ನಿಮಿಷದಲ್ಲಿ ಅವರ ಪೆನ್ನು ಯಾವ ಮಾತಿಗೆ ಅಲ್ಲಾಡಬೇಕು?

ಮೊದಲು ನಿಯಮ ತಿಳಿದುಕೊಳ್ಳಿ. ಪ್ರತಿಭಾ ಕಾರಂಜಿಯಾಗಲಿ, ಸಂಘಸಂಸ್ಥೆಗಳು ನಡೆಸುವ ಪರ್ಯಾಯ ಪಾರಿತೋಷಕದ ಸ್ಪರ್ಧೆಯಾಗಲಿ, ಸುತ್ತೋಲೆ ಕೈಗೆ ಬಂದ ದಿನವೇ ನಾಲ್ಕು ವಿವರ ಗುರುತು ಹಾಕಿಕೊಳ್ಳಬೇಕು. ಮಾತಿಗೆ ಎಷ್ಟು ನಿಮಿಷ, ಪ್ರತಿವಾದಕ್ಕೆ ಪ್ರತ್ಯೇಕ ಸಮಯ ಇದೆಯೇ, ಚೀಟಿ ನೋಡಿಕೊಂಡು ಮಾತಾಡಬಹುದೇ, ಪರ-ವಿರೋಧವನ್ನು ನಾವೇ ಆರಿಸಿಕೊಳ್ಳುವುದೋ ಅಥವಾ ಅಲ್ಲೇ ಚೀಟಿ ಎತ್ತುವುದೋ. ಶಾಲೆಯ ಹೆಸರು ಹೇಳಬಾರದು ಎಂಬ ನಿಯಮವೂ ಹಲವು ಕಡೆ ಇರುತ್ತದೆ. ಅಭ್ಯಾಸದ ಬಲದಿಂದ ‘ನಾನು ಇಂಥ ಶಾಲೆಯ ವಿದ್ಯಾರ್ಥಿನಿ’ ಎಂದುಬಿಟ್ಟು ಅಂಕ ಕಳೆದುಕೊಳ್ಳುವುದು ಬೇಡ.

ಸಮಯದ ಲೆಕ್ಕ

ಕನ್ನಡದಲ್ಲಿ ಸ್ಪಷ್ಟವಾಗಿ, ಉಸಿರು ತೆಗೆದುಕೊಂಡು ಮಾತಾಡಿದರೆ ನಿಮಿಷಕ್ಕೆ 80ರಿಂದ 100 ಪದ ಹೋಗುತ್ತದೆ. ಮೂರು ನಿಮಿಷಕ್ಕೆ 250 ಪದ ಸಾಕು. ಮಕ್ಕಳು 450 ಪದ ಬರೆದುಕೊಂಡು ಬರುತ್ತಾರೆ. ಎಚ್ಚರಿಕೆಯ ಗಂಟೆ ಬಾರಿಸಿದ ಕೂಡಲೇ ಗಾಬರಿಯಿಂದ ವೇಗ ಹೆಚ್ಚುತ್ತದೆ, ಪದಗಳು ಒಂದರ ಮೇಲೊಂದು ಬೀಳುತ್ತವೆ, ಎರಡನೇ ಗಂಟೆಗೆ ಮುಖ್ಯ ವಾದವೇ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಸಲಹೆ ಹೀಗಿದೆ: ವಂದನೆ ಮತ್ತು ಪಕ್ಷ ಹೇಳಲು 10 ಸೆಕೆಂಡು, ವಿಷಯದ ತಿರುಳು ಬಿಡಿಸಲು 20, ಮೊದಲ ವಾದಕ್ಕೆ 50, ಎರಡನೆಯದಕ್ಕೆ 50, ಎದುರಿನವರ ಮಾತಿಗೆ ಉತ್ತರ 30, ಮುಕ್ತಾಯ 15. ಒಟ್ಟು 175 ಸೆಕೆಂಡು. ಮೂರನೇ ವಾದಕ್ಕೆ ಜಾಗವಿಲ್ಲ. ಇಡಲು ಹೋದರೆ ಮೂರೂ ಬಡವಾಗುತ್ತವೆ.

ಈ ಲೆಕ್ಕ ಹೆಚ್ಚಾಗಿ ತಪ್ಪುವುದು ವಂದನೆಯಲ್ಲಿ. ‘ವೇದಿಕೆಯನ್ನು ಅಲಂಕರಿಸಿರುವ ಗಣ್ಯಮಾನ್ಯರೇ, ನಿಷ್ಪಕ್ಷಪಾತ ತೀರ್ಪುಗಾರರೇ, ಸಮಯಪಾಲಕರೇ, ನನ್ನ ನೆಚ್ಚಿನ ಗುರುವೃಂದದವರೇ, ಸಹಸ್ಪರ್ಧಿಗಳೇ’ ಎಂದು ಎಲ್ಲರನ್ನೂ ಕರೆದು, ಆಮೇಲೆ ಒಂದು ವಚನವನ್ನೋ ತ್ರಿಪದಿಯನ್ನೋ ಹೇಳಿ ಮುಗಿಸುವಷ್ಟರಲ್ಲಿ 40 ಸೆಕೆಂಡು ಹೋಗಿರುತ್ತದೆ. ಅಷ್ಟೂ ಹೊತ್ತು ತೀರ್ಪುಗಾರರ ಪೆನ್ನು ಮೇಜಿನ ಮೇಲೇ ಇರುತ್ತದೆ. ‘ಎಲ್ಲರಿಗೂ ವಂದನೆ. ನಾನು ವಿಷಯದ ವಿರೋಧವಾಗಿ ಮಾತಾಡುತ್ತೇನೆ.’ ಇಷ್ಟು ಗೌರವ ಸಾಕು. ವಚನ ಹೇಳಲೇಬೇಕೆಂದರೆ ವಾದದ ನಡುವೆ, ಅದು ವಾದಕ್ಕೆ ಹೆಗಲು ಕೊಡುವ ಕಡೆ ಹೇಳಿ.

ವಾದ ಎಂದರೆ ಯಾವುದು

ಉದಾಹರಣೆಗೆ ವಿಷಯ ಹೀಗಿದೆ ಎಂದುಕೊಳ್ಳಿ: ‘ವಾಣಿ ವಿಲಾಸ ಸಾಗರದ ನೀರು ಮೊದಲು ಕುಡಿಯಲು, ಆಮೇಲೆ ಕೃಷಿಗೆ.’ ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿ ಇರುವ ಜಲಾಶಯ ಇದು, ದುರ್ಗದ ಸೀಮೆಯ ಮಕ್ಕಳಿಗೆ ಗೊತ್ತಿರುವ ಸಂಗತಿ. ಪರವಾಗಿ ಮಾತಾಡುವವರಲ್ಲಿ ಹತ್ತಕ್ಕೆ ಎಂಟು ಮಂದಿ ಶುರುಮಾಡುವುದು ‘ನೀರೇ ಜೀವ, ನೀರಿಲ್ಲದೆ ಮನುಷ್ಯ ಬದುಕಲಾರ’ ಎಂದು. ಸುಳ್ಳೇನಲ್ಲ. ಆದರೆ ಎದುರು ಪಕ್ಷದವರೂ ಅದನ್ನು ಅಲ್ಲಗಳೆಯುವುದಿಲ್ಲ. ಇಬ್ಬರೂ ಒಪ್ಪುವ ಮಾತಿನಿಂದ ಯಾರಿಗೂ ಅಂಕ ಬರುವುದಿಲ್ಲ. ಜಗಳ ಇರುವುದು ‘ಮೊದಲು’ ಎಂಬ ಪದದಲ್ಲಿ: ನೀರು ಕಡಿಮೆ ಇರುವ ವರ್ಷ ಯಾರ ಪಾಲಿಗೆ ಕತ್ತರಿ? ವಿಷಯದ ತಿರುಳು ಬಿಡಿಸಲು ಇಟ್ಟುಕೊಂಡ 20 ಸೆಕೆಂಡಿನಲ್ಲಿ ಈ ಒಂದು ಮಾತು ಹೇಳಿದರೆ, ವಿಷಯ ಅರ್ಥವಾದ ಮಗು ಇದು ಎಂದು ತೀರ್ಪುಗಾರರಿಗೆ ಆಗಲೇ ಗೊತ್ತಾಗುತ್ತದೆ.

ಇನ್ನು ವಾದ. ಹೇಳಿಕೆ, ಕಾರಣ, ಆಧಾರ, ವಿಷಯಕ್ಕೆ ಗಂಟು: ಈ ನಾಲ್ಕೂ ಇದ್ದರೆ ಒಂದು ವಾದ. ಹೀಗೆ: ‘ಈ ಜಲಾಶಯದ ನೀರನ್ನು ಕೊರತೆಯ ವರ್ಷವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಂಚಬೇಕು. ಏಕೆಂದರೆ ಇಲ್ಲಿ ತುಂಬುವ ವರ್ಷವೇ ಅಪರೂಪ. 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ಕೊರತೆಯೇ ರೂಢಿಯಾದ ಕಡೆ, ತಡೆದುಕೊಳ್ಳಲಾಗದ ಬಾಯಾರಿಕೆಗೆ ಮೊದಲ ಪಾಲು ಸಲ್ಲಬೇಕು.’ ಇಲ್ಲಿ ತೀರ್ಪುಗಾರರು ‘1933–2022, ಕೊರತೆಯೇ ರೂಢಿ’ ಎಂದು ಬರೆದುಕೊಳ್ಳುತ್ತಾರೆ. ಅಂಕಿ ಹೇಳಿ ಸುಮ್ಮನಾದರೆ ಇಷ್ಟು ಆಗುವುದಿಲ್ಲ. ಅಂಕಿಯ ಮುಂದೆ ‘ಅಂದರೆ’ ಎಂದು ಒಂದು ವಾಕ್ಯ ಸೇರಿಸಬೇಕು. ‘ಅಂದರೆ’ ಇಲ್ಲದ ಅಂಕಿಅಂಶ ಸಾಮಾನ್ಯಜ್ಞಾನ ಅಷ್ಟೇ.

ಆಧಾರ ಎಲ್ಲಿಂದ ತರಬೇಕು? ‘ಗೂಗಲ್ ಪ್ರಕಾರ’, ‘ಒಂದು ಸಮೀಕ್ಷೆಯ ಪ್ರಕಾರ ಶೇ. 90ರಷ್ಟು ಜನ’ ಎಂಬ ಮಾತು ಬಂದ ತಕ್ಷಣ ಅನುಭವವಿರುವ ತೀರ್ಪುಗಾರರು ಹುಬ್ಬು ಏರಿಸುತ್ತಾರೆ. ಯಾವ ಸಮೀಕ್ಷೆ, ಯಾವ ವರ್ಷ ಎಂದು ಹೇಳಲಾಗದ ಅಂಕಿಯನ್ನು ಬಿಟ್ಟುಬಿಡಿ. ದಿನಪತ್ರಿಕೆಯ ಜಿಲ್ಲಾ ಪುಟ, ಜಲಾಶಯದ ಮಟ್ಟದ ವರದಿ, ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೆ ಆ ವಾರ ಇದ್ದ ದರ, ಗ್ರಾಮ ಪಂಚಾಯಿತಿಯಲ್ಲಿ ಕೇಳಿ ತಂದ ಕೊಳವೆಬಾವಿಗಳ ಲೆಕ್ಕ, ಇವು ನಿಮ್ಮ ಕೈಗೆಟಕುವ ಆಧಾರಗಳು. ಕೃಷಿ ಕುರಿತ ವಿಷಯಕ್ಕೆ ದಾವಣಗೆರೆಯ ಮಗು ‘ಭಾರತ ಕೃಷಿಪ್ರಧಾನ ದೇಶ’ ಎಂದು ಹೇಳುವುದಕ್ಕಿಂತ, ಒಂದು ಎಕರೆ ಮೆಕ್ಕೆಜೋಳಕ್ಕೆ ಬೀಜ, ಗೊಬ್ಬರ, ಆಳಿನ ಖರ್ಚು ಎಷ್ಟೆಂದು ಮನೆಯಲ್ಲಿ ಕೂತು ಲೆಕ್ಕ ಹಾಕಿ ತಂದರೆ ಅದರ ತೂಕವೇ ಬೇರೆ. ಆ ಲೆಕ್ಕ ಇನ್ನೊಬ್ಬ ಸ್ಪರ್ಧಿಯ ಬಳಿ ಇರುವುದಿಲ್ಲ.

ಪ್ರತಿವಾದ: ಹೆಚ್ಚು ಮಂದಿ ಸೋಲುವ ಜಾಗ

ಬಾಯಿಪಾಠ ಮಾಡಿದ ಭಾಷಣ ಎಷ್ಟೇ ಚೆಂದವಿರಲಿ, ಎದುರಿನವರ ಮಾತು ಕಿವಿಗೆ ಬಿದ್ದ ಗುರುತೇ ಇಲ್ಲದಿದ್ದರೆ ಅದು ಭಾಷಣ ಸ್ಪರ್ಧೆ, ಚರ್ಚೆಯಲ್ಲ. ಮೇಲಿನ ಅಂಕಗಳು ಸಮವಾಗಿದ್ದಾಗ ಮೊದಲ ಸ್ಥಾನ ತೀರ್ಮಾನವಾಗುವುದು ಬಹುತೇಕ ಈ ಕಾಲಂನಲ್ಲೇ.

ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ. ಎಡಗಡೆ ಎದುರಿನವರು ಹೇಳಿದ್ದನ್ನು ಮೂರು-ನಾಲ್ಕು ಪದದಲ್ಲಿ, ಅವರ ಸಂಖ್ಯೆಯೊಂದಿಗೆ, ಬರೆದುಕೊಳ್ಳಿ. ಬಲಗಡೆ ನಿಮ್ಮ ಉತ್ತರ. ಎಲ್ಲಕ್ಕೂ ಉತ್ತರ ಕೊಡಲು ಹೋಗಬೇಡಿ. ಅವರ ಪಕ್ಷ ಯಾವ ಮಾತಿನ ಮೇಲೆ ನಿಂತಿದೆಯೋ ಅದೊಂದನ್ನು ಆರಿಸಿ. ಹೇಳುವಾಗ ಕ್ರಮ ಹೀಗಿರಲಿ: ಅವರು ಏನು ಹೇಳಿದರು, ಅದರಲ್ಲಿ ಕೊರತೆ ಏನು, ಏಕೆ, ಅದರಿಂದ ಏನಾಯಿತು.

ಮೇಲಿನ ವಾದವನ್ನೇ ವಿರೋಧ ಪಕ್ಷದಿಂದ ನೋಡೋಣ. ‘ಏಳನೇ ಸ್ಪರ್ಧಿ 89 ವರ್ಷ ಕೋಡಿ ಬೀಳಲಿಲ್ಲ, ಆದ್ದರಿಂದ ಕೊರತೆಯೇ ರೂಢಿ ಎಂದರು. ಕೋಡಿ ಬೀಳದಿದ್ದ ಮಾತ್ರಕ್ಕೆ ಜಲಾಶಯ ಬರಿದಾಗಿತ್ತು ಎಂದಲ್ಲ. 130 ಅಡಿ ತುಂಬದೆ 110 ಅಡಿ ನಿಂತರೂ ಅದು ನೀರೇ. ಜೊತೆಗೆ ಈಗ ಭದ್ರಾ ನೀರೂ ಇದಕ್ಕೆ ಬರುತ್ತಿದೆ. ಹಳೆಯ ಲೆಕ್ಕದ ಮೇಲೆ ಹೊಸ ಹಂಚಿಕೆ ಮಾಡಲಾಗದು.’ ಅಂಕಿ ಸರಿಯಾಗಿದ್ದರೂ ಅದರಿಂದ ಹೊರಟ ತೀರ್ಮಾನ ಸಡಿಲವಾಗಿದೆ ಎಂದು ತೋರಿಸಿದ ಈ ಉತ್ತರಕ್ಕೆ ಒಳ್ಳೆಯ ತೀರ್ಪುಗಾರರು ಪೂರ್ಣಾಂಕದ ಹತ್ತಿರ ಕೊಡುತ್ತಾರೆ. ಅದೇ ಪಕ್ಷದವರು ತಮ್ಮದೊಂದು ವಾದವನ್ನೂ ಇಡಬಹುದು: ಹಿರಿಯೂರು ಭಾಗದಲ್ಲಿ ತೆಂಗು, ಅಡಿಕೆ ತೋಟಗಳಿವೆ. ಒಂದು ವರ್ಷದ ಬೆಳೆ ಹೋದರೆ ಮುಂದಿನ ವರ್ಷ ಬಿತ್ತಬಹುದು, ಒಣಗಿದ ತೆಂಗಿನ ಜಾಗದಲ್ಲಿ ಸಸಿ ಇಟ್ಟು ಫಲ ಕಾಣಲು ಐದಾರು ವರ್ಷವಾದರೂ ಬೇಕು.

ಅತಿಯಾಗಿ ಹೇಳಿದರೆ ಸಿಕ್ಕಿಬೀಳುತ್ತೀರಿ. ‘ಚಿತ್ರದುರ್ಗ ನಗರಕ್ಕೆ ಇದೊಂದೇ ನೀರಿನ ಮೂಲ’ ಎಂದುಬಿಟ್ಟರೆ, ‘ಸೂಳೆಕೆರೆಯಿಂದಲೂ ನೀರು ಬರುತ್ತದಲ್ಲ’ ಎಂಬ ಒಂದೇ ವಾಕ್ಯಕ್ಕೆ ನಿಮ್ಮ ವಾದ ಕುಸಿಯುತ್ತದೆ. ‘ಎಲ್ಲರೂ’, ‘ಯಾವಾಗಲೂ’, ‘ಒಂದೇ’, ‘ಸಂಪೂರ್ಣ’ ಎಂಬ ಪದಗಳನ್ನು ಬರೆದ ಮೇಲೆ ಹುಡುಕಿ ತೆಗೆಯಿರಿ.

ಎದುರಿನವರನ್ನು ಹಂಗಿಸುವುದು ಪ್ರತಿವಾದವಲ್ಲ. ‘ನನ್ನ ಎದುರಾಳಿ ಗೆಳತಿಗೆ ಇಷ್ಟೂ ತಿಳಿಯದೇ’ ಎಂದರೆ ಸಭೆಯಿಂದ ಚಪ್ಪಾಳೆ ಬರಬಹುದು, ಮಂಡನೆಯ ಅಂಕ ಅಲ್ಲೇ ಇಳಿಯುತ್ತದೆ. ‘ಗೆಳತಿ ಹೇಳಿದ್ದರಲ್ಲಿ ಮೊದಲ ಮಾತು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ’ ಎನ್ನುವವರ ಬಗ್ಗೆ ತೀರ್ಪುಗಾರರಿಗೆ ನಂಬಿಕೆ ಹುಟ್ಟುತ್ತದೆ.

ನಿಮ್ಮ ಸರದಿ ಹದಿನೆಂಟನೆಯದಾಗಿದ್ದರೆ ನಿಮ್ಮ ಮೊದಲ ವಾದವನ್ನು ಅದಾಗಲೇ ಆರು ಮಂದಿ ಹೇಳಿರುತ್ತಾರೆ. ಅದಕ್ಕೇ ಕೈಯಲ್ಲಿ ಯಾವಾಗಲೂ ಒಂದು ಹೆಚ್ಚುವರಿ ವಾದ ಇರಬೇಕು. ಇಲ್ಲವೆಂದರೆ ‘ಈ ಅಂಶ ಬಂದಿದೆ, ಅದಕ್ಕೆ ಒಂದು ಆಧಾರ ಸೇರಿಸುತ್ತೇನೆ’ ಎಂದು ಮುಂದುವರಿಯಿರಿ. ಕೇಳಿಸಿಕೊಂಡಿದ್ದೀರಿ ಎಂಬುದಕ್ಕೆ ಇದೇ ಸಾಕ್ಷಿ.

ಭಾಷೆ, ಧ್ವನಿ, ಮೈಕು

ಭಾಷೆಯ ಕಾಲಂನಲ್ಲಿ ಅಂಕ ಹೋಗುವುದು ಅಲಂಕಾರ ಸಾಲದೆ ಅಲ್ಲ, ಉಚ್ಚಾರಣೆಯಿಂದ. ‘ಹಕ್ಕು’ ಎನ್ನುವುದು ‘ಅಕ್ಕು’ ಆಗುವುದು, ‘ಭಾರತ’ ‘ಬಾರತ’ವಾಗುವುದು, ‘ವಿಷಯ’ ‘ವಿಸಯ’ವಾಗುವುದು ತೀರ್ಪುಗಾರರ ಕಿವಿಗೆ ಕೂಡಲೇ ಹೊಡೆಯುತ್ತವೆ. ನಿಮ್ಮ ಭಾಷಣದಲ್ಲಿ ಬರುವ ಮಹಾಪ್ರಾಣ, ಹಕಾರ, ಶ-ಷ ಇರುವ ಪದಗಳನ್ನು ಮಾತ್ರ ಒಂದು ಪಟ್ಟಿ ಮಾಡಿ, ದಿನಕ್ಕೆ ಹತ್ತು ಸಲದಂತೆ ವಾರವಿಡೀ ಗಟ್ಟಿಯಾಗಿ ಓದಿ. ಊರಿನ ಧಾಟಿ ಮಾತಿನಲ್ಲಿ ಇಣುಕಿದರೆ ಅದು ದೋಷವಲ್ಲ ಎಂದೇ ನಮ್ಮ ಅಭಿಪ್ರಾಯ. ಅರ್ಥವೇ ಗೊತ್ತಿಲ್ಲದ ‘ಪ್ರಜ್ವಲಿಸುವ’, ‘ವಿಜೃಂಭಿಸುವ’ ಪದಗಳು ನಿಜವಾದ ದೋಷ. ಭಾಷಣ ಬರೆದುಕೊಡುವ ಮೇಷ್ಟ್ರು, ಮೇಡಂ ಇದನ್ನು ಗಮನಿಸಬೇಕು: ಹದಿನಾಲ್ಕು ವರ್ಷದ ಮಗುವಿನ ಬಾಯಲ್ಲಿ ಐವತ್ತರ ಮಾತು ಬಂದರೆ ಯಾರಿಗೂ ಗೊತ್ತಾಗದೆ ಇರುವುದಿಲ್ಲ. ತೀರ್ಪುಗಾರರು ಒಂದು ಪ್ರಶ್ನೆ ಕೇಳಿದರೆ ಮಗು ಬಿಕ್ಕಿ ನಿಲ್ಲುತ್ತದೆ. ವಾದಗಳನ್ನು ಕೂತು ಚರ್ಚಿಸಿ, ವಾಕ್ಯಗಳನ್ನು ಮಗುವೇ ಕಟ್ಟಲಿ.

ಕಿರುಚಬೇಡಿ. ತಗಡಿನ ಮಾಡಿನ ಸಭಾಂಗಣದಲ್ಲಿ ಕಿರುಚಿದ ಮಾತು ಮರುದನಿಯಾಗಿ ಯಾವ ಪದವೂ ತಿಳಿಯದಂತಾಗುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ, ತಲೆಗಿಂತ ಎತ್ತರದ ಪೋಡಿಯಂ ಇದ್ದರೆ ಅದರ ಪಕ್ಕಕ್ಕೆ ಬಂದು ನಿಲ್ಲುವುದು, ಮುಖ್ಯ ವಾಕ್ಯದ ನಂತರ ಎರಡು ಸೆಕೆಂಡು ಸುಮ್ಮನಿರುವುದು. ಆ ಎರಡು ಸೆಕೆಂಡಿನಲ್ಲೇ ತೀರ್ಪುಗಾರರು ಬರೆದುಕೊಳ್ಳುವುದು. ಕೈಸನ್ನೆ ಸಹಜವಾಗಿ ಬಂದಷ್ಟು ಸಾಕು. ಉಡುಪಿಗೆ ಶಾಲೆಯ ಸಮವಸ್ತ್ರ ಶುಚಿಯಾಗಿದ್ದರೆ ಮುಗಿಯಿತು.

ಮರೆತುಹೋದರೆ ಮೊದಲಿನಿಂದ ಶುರುಮಾಡಬೇಡಿ. ಅದೇ ಜಾಗದಲ್ಲಿ ಮತ್ತೆ ಎಡವುತ್ತೀರಿ. ಮೂರು ಸೆಕೆಂಡು ನಿಂತು ಮುಂದಿನ ವಾದಕ್ಕೆ ಹಾರಿ. ಬಿಟ್ಟದ್ದು ಏನೆಂದು ನಿಮಗೆ ಮಾತ್ರ ಗೊತ್ತು. ಪದಪದವಾಗಿ ಬಾಯಿಪಾಠ ಮಾಡುವ ಬದಲು, ಅಂಚೆ ಕಾರ್ಡಿನಷ್ಟು ಕಾಗದದಲ್ಲಿ ಆರು ಪದ ಬರೆದುಕೊಂಡು ಅವುಗಳನ್ನು ನೋಡಿ ಪ್ರತಿಸಲವೂ ಬೇರೆ ವಾಕ್ಯಗಳಲ್ಲಿ ಮಾತಾಡಿ ಅಭ್ಯಾಸ ಮಾಡಿದವರಿಗೆ ಈ ತೊಂದರೆ ಕಡಿಮೆ.

ಮನೆಯ ಅಭ್ಯಾಸಕ್ಕೆ ಹದಿನೈದು ದಿನ ಇದ್ದರೆ ಮೊದಲ ಐದು ದಿನ ಆಧಾರ ಹುಡುಕುವುದಕ್ಕೇ ಕೊಡಿ. ಮುಂದಿನ ಐದು ದಿನ ಒಂದು ದಿನ ಪರ, ಒಂದು ದಿನ ವಿರೋಧ ಮಾತಾಡಿ. ಎರಡೂ ಕಡೆ ನಿಂತವರಿಗೆ ಎದುರಿನ ಪ್ರಶ್ನೆ ಮೊದಲೇ ಕಾಣುತ್ತದೆ. ಕೊನೆಯ ಐದು ದಿನ ಗಡಿಯಾರ ಇಟ್ಟುಕೊಂಡು, ಎದುರಿಗೆ ಒಬ್ಬ ಸ್ನೇಹಿತನನ್ನೋ ತಂಗಿಯನ್ನೋ ಕಾಗದ-ಪೆನ್ನು ಕೊಟ್ಟು ಕೂರಿಸಿ. ಮಾತು ಮುಗಿದ ಮೇಲೆ ಚೆನ್ನಾಗಿತ್ತೇ ಎಂದು ಕೇಳಬೇಡಿ. ಏನು ಬರೆದುಕೊಂಡೆ ಎಂದು ಕೇಳಿ. ಕಾಗದದಲ್ಲಿ ನಿಮ್ಮ ಎರಡು ವಾದಗಳೂ ಇಲ್ಲದಿದ್ದರೆ, ಯಾವುದು ಇಲ್ಲವೋ ಅದನ್ನು ಅಂದೇ ರಾತ್ರಿ ಮತ್ತೆ ಕಟ್ಟಿ.